ಬೆಳಕಿಂಡಿ ಮುಚ್ಚುವ ಮೊದಲು

ಮನೆ ರಿಪೇರಿಗೆ ಕೈಹಾಕಿದವರು ನೇರ ಲೈಟಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ನೂರಾರು ದೀಪ ಒಟ್ಟಿಗೇ ಉರಿಯುತ್ತಿರುತ್ತವೆ. ಯಾವುದರ ಬೆಳಕು ಯಾವುದೆಂದು ತಿಳಿಯುವುದೇ ಇಲ್ಲ. ಬೆಳಕಿನ ರುಚಿ ಹತ್ತಬೇಕಾದರೆ ವಿಜಯಪುರದವರು ಮೊದಲು ಇಬ್ರಾಹಿಂ ರೋಜಾಕ್ಕೆ ಹೋಗಬೇಕು.

ಬಿಸಿಲು ಚುರುಗುಡುವ ಹೊತ್ತಿಗೇ ಹೋಗಿ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಇರುವ ಒಳಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಅವಸರ ಬೇಡ, ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕಿಟಕಿಯ ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನು ಉಳಿಸಿ, ನಡುವಿನ ಕಲ್ಲನ್ನು ಆರಪಾರ ಕೊರೆದು ತೆಗೆದಿದ್ದಾರೆ. ಹೊರಗಿನ ಬಿಸಿಲು ಆ ಸಂದಿಗಳಲ್ಲಿ ಸೋಸಿಕೊಂಡು ಒಳಬರುತ್ತದೆ. ಒಳಗೆ ಕತ್ತಲಿದೆಯೆಂದೇ ಅಕ್ಷರ ಎದ್ದು ಕಾಣುತ್ತದೆ. ಟ್ಯೂಬ್‌ಲೈಟ್ ಹಚ್ಚಿದರೆ ಉಳಿಯುವುದು ಬರೀ ಕಲ್ಲು. ಮನೆಗೆ ಪಾಯಿಂಟ್ ಗುರುತಿಸುವಾಗ ಈ ಕೋಣೆ ನೆನಪಿರಲಿ. ಸೂರಿನ ತುಂಬ ಸಾಲು ಲೈಟು ಚುಚ್ಚಿಸಿದ ಪಡಸಾಲೆಯಲ್ಲಿ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ.

ಬಣ್ಣದ ಪಾಠ ಬೇಕಾದರೆ ತಿಕೋಟಾ ಕಡೆ ಹೋಗಿ. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಣ್ಣನ್ನು ನೆರಳಿನಲ್ಲಿ ಹರವಿರುತ್ತಾರೆ. ನೇರ ಬಿಸಿಲು ಬಿದ್ದರೆ ಕಂದಾಗುತ್ತದೆ, ನೆರಳಿನಲ್ಲಿ ಒಣಗಿದರೆ ಹಸಿರು ಉಳಿಯುತ್ತದೆ. ಆ ಹಸಿರು ದ್ರಾಕ್ಷಿಯನ್ನು ಒಂದು ಹಿಡಿ ಕಿಸೆಯಲ್ಲಿ ಹಾಕಿಕೊಂಡು ಲೈಟಿನ ಅಂಗಡಿಗೆ ಹೋಗಿ, ಒಂದೊಂದೇ ಬಲ್ಬಿನ ಕೆಳಗೆ ಅಂಗೈ ಹಿಡಿದು ನೋಡಿ. ಕೆಲವು ಬಲ್ಬಿಗೆ ಅದು ಬೂದಿಬಣ್ಣವಾಗುತ್ತದೆ, ಅಂಥದ್ದು ಬೇಡ. ಡಬ್ಬಿಯ ಮೇಲಿನ ಸಿಆರ್‌ಐ ಸಂಖ್ಯೆ ಹೇಳುವುದೂ ಇದನ್ನೇ: 100ಕ್ಕೆ ಹತ್ತಿರವಾದಷ್ಟೂ ಬಣ್ಣ ಇದ್ದಂತೆ ಕಾಣುತ್ತದೆ. 80ಕ್ಕಿಂತ ಕೆಳಗಿನದನ್ನು ಮುಟ್ಟಬೇಡಿ. 90 ಸಿಕ್ಕರೆ ಅಡುಗೆಮನೆಗೆ ಇರಲಿ. ಬೆಳಕಿನದೇ ಬಣ್ಣ ಹೇಳುವುದು ಕೆಲ್ವಿನ್: 2700 ಎಂದರೆ ಹಳೆಯ ಗಾಜಿನ ಬಲ್ಬಿನ ಹಳದಿ, 6500 ಎಂದರೆ ನೀಲಿ ಬೆರೆತ ಬಿಳುಪು. ನಮ್ಮ ಕಡೆ ಬಿಳಿಯದೇ ಹೆಚ್ಚು ಪ್ರಖರ ಎಂಬ ನಂಬಿಕೆ ಗಟ್ಟಿಯಾಗಿದೆ. ಪ್ರಖರತೆಯ ಅಳತೆ ಲ್ಯೂಮೆನ್. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ.

ಬಬಲೇಶ್ವರದ ನಮ್ಮ ಸೋದರತ್ತೆಯ ಮನೆ ಮಣ್ಣಿನ ಮಾಳಿಗೆಯದು. ನಡುಮನೆಗೆ ಕಿಟಕಿ ಇರಲಿಲ್ಲ, ಮೇಲೊಂದು ಬೆಳಕಿಂಡಿ ಇತ್ತು. "ತಮ್ಮಾ, ಬಿಸಲು ಬೀಸುಕಲ್ಲಿಗಿ ಬಂತು ನೋಡು, ಹೊಲಕ್ಕ ಬುತ್ತಿ ಒಯ್ಯೋ ಹೊತ್ತಾತು" ಎನ್ನುತ್ತಿದ್ದಳು. ನಮ್ಮ ಸೀಮೆಯಲ್ಲಿ ಮೇ 7-8ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಬಿಸಿಲು ಬೆಳಕಿಂಡಿಯ ಬುಡಕ್ಕೇ ಬೀಳುತ್ತದೆ. ಚಳಿಗಾಲದಲ್ಲಿ ಅದೇ ಬಿಸಿಲು ಉತ್ತರದ ಗೋಡೆಯ ಕಡೆ ಸರಿಯುತ್ತದೆ. ಸ್ಲ್ಯಾಬ್ ಹಾಕಿಸುವಾಗ ಬೆಳಕಿಂಡಿ ಮುಚ್ಚಿದರು. ಈಗ ಆ ಕೋಣೆಯಲ್ಲಿ ಹಗಲು ಹನ್ನೆರಡಕ್ಕೂ ಲೈಟು ಬೇಕು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಮುಚ್ಚುವ ಅಗತ್ಯವೇ ಇರಲಿಲ್ಲ. ಸ್ಲ್ಯಾಬಿನಲ್ಲಿ ಎರಡಡಿ ಚೌಕ ಬಿಟ್ಟು, ಸುತ್ತ ಕಟ್ಟೆ ಎತ್ತರಿಸಿ, ಮೇಲೆ ಮುಚ್ಚಿ, ಉತ್ತರದ ಬದಿಗೆ ಗಾಜು ಕೂರಿಸಿದ್ದರೆ ಬೆಳಕು ಬರುತ್ತಿತ್ತು, ಬೇಸಿಗೆಯ ಝಳ ಅಷ್ಟಾಗಿ ತಟ್ಟುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಸೂರಿನ ನಡುವೆ ಒಂದೇ ಲೈಟಿದ್ದರೆ ರೊಟ್ಟಿ ಬಡಿಯುವವರ ನೆರಳು ರೊಟ್ಟಿಯ ಮೇಲೇ ಬೀಳುತ್ತದೆ. ಅಂಚು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕೈಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ದೀಪ ಅವರ ಮುಂದಿರಬೇಕು, ಕಟ್ಟೆಯ ಮೇಲಿನ ಹಲಗೆಯ ಕೆಳಗೆ.

ಇನ್ನು ವೈರಿನ ಪೈಪಿಗಾಗಿ ಗೌಂಡಿ ಗೋಡೆ ಕೊರೆಯುವ ಮೊದಲಿನ ರಾತ್ರಿ. ಹೋಲ್ಡರಿಗೆ ಉದ್ದ ವೈರು ಜೋಡಿಸಿ, ಒಂದೇ ಬಲ್ಬು ಹಿಡಿದು ಮನೆಯೆಲ್ಲ ತಿರುಗಿ. ಊಟಕ್ಕೆ ಕೂರುವಲ್ಲಿ ಕೂತು, ಮಲಗುವಲ್ಲಿ ಮಲಗಿ ನೋಡಿ. ಕಣ್ಣು ಕುಕ್ಕಿದರೆ ಜಾಗ ಬದಲಿಸಿ. ಕಲ್ಲಿನ ಗೋಡೆಗೆ ತಾಗಿದಂತೆ ಬಲ್ಬು ಹಿಡಿದಾಗ ಉಳಿಯ ಏಟು ಒಂದೊಂದೂ ಮೇಲೇಳುತ್ತದೆ. ಸರಿಯೆನಿಸಿದ ಕಡೆಗೆಲ್ಲ ಇದ್ದಿಲಿನಿಂದ ಗುರುತು ಹಾಕುತ್ತಾ ಹೋಗಿ. ದೇವರ ಮನೆಯ ಗೋಡೆಯಲ್ಲಿ ಚಿಮಣಿ ಇಡುತ್ತಿದ್ದ ಗೂಡು ಇದ್ದರೆ, ಮೇಲೆ ಮಸಿ ಹಿಡಿದದ್ದು ಇನ್ನೂ ಕಾಣುತ್ತಿರುತ್ತದೆ. ಬಲ್ಬನ್ನು ಅದರೊಳಗೆ ಇಟ್ಟು, ಹಿಂದೆ ಸರಿದು ನೋಡಿ. ಅಲ್ಲೂ ಒಂದು ಗುರುತು ಹಾಕಿ.