ಜಾಮ್ ಪರೀಕ್ಷೆ ಅಳೆಯುವುದೇನು?

ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕಾಗಿ 2004-05ರಿಂದ ‘ಜಾಮ್’ ಪರೀಕ್ಷೆ ನಡೆಯುತ್ತಿದೆ. ಈಗಿನ ಸ್ವರೂಪದಲ್ಲಿ 3 ಗಂಟೆ, 60 ಪ್ರಶ್ನೆ, 100 ಅಂಕ. 20 ಪ್ರಶ್ನೆಗಳಿಗೆ ಆಯ್ಕೆಗಳೇ ಇಲ್ಲ; ಲೆಕ್ಕ ಮಾಡಿ ಸಂಖ್ಯೆಯನ್ನು ನಮೂದಿಸಬೇಕು. ಊಹೆಗೆ ಎಡೆಗೊಡದ ಈ ಕ್ರಮ ಮೆಚ್ಚತಕ್ಕದ್ದು.

ಆದರೆ ಉತ್ತರ ತಲುಪಿದ ದಾರಿಯನ್ನು ಇಲ್ಲಿ ಯಾರೂ ನೋಡುವುದಿಲ್ಲ. ಸರಿಯಾಗಿ ಆಲೋಚಿಸಿ ಕೊನೆಯ ಗುಣಾಕಾರದಲ್ಲಿ ಎಡವಿದವರಿಗೂ ಏನೂ ತಿಳಿಯದವರಿಗೂ ಸಿಗುವುದು ಅದೇ ಸೊನ್ನೆ. ಲೋಲಕದ ಆವರ್ತಕಾಲವನ್ನು ಸ್ವತಃ ಅಳೆದವರಿಗೂ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದವರಿಗೂ ವ್ಯತ್ಯಾಸವಿಲ್ಲ. ಗಣಕಯಂತ್ರದ ಮುಂದೆ ಕೂರಿಸಿ ಪ್ರಯೋಗಕೌಶಲವನ್ನು ಅಳೆಯುವುದು ಕಷ್ಟವೇ ಸರಿ. ಅಪಾಯವಿರುವುದು ನಮ್ಮಲ್ಲಿ: ಪರೀಕ್ಷೆ ಕೇಳದ್ದನ್ನು ಕಲಿಯುವುದೇ ಬೇಡವೆಂಬ ಧೋರಣೆಯಲ್ಲಿ.

ಅಧ್ಯಾಪಕರೇ, ಜಾಮ್ ತಯಾರಿಯ ನೆಪದಲ್ಲಿ ಪ್ರಯೋಗಶಾಲೆಗೆ ಬೀಗ ಹಾಕಬೇಡಿ. ಪ್ರವೇಶ ದೊರೆತ ಮೇಲೆ ಸಂಶೋಧನೆಗೆ ಬೇಕಾಗುವುದು ಅಳೆದು ಪಳಗಿದ ಕೈಯೇ.