ಒಂದೇ ಜೀವದ ಆಟ, ಹಲವು ಜೀವದ ಆಟ

ಬ್ಯಾಟಲ್ ರಾಯಲ್ ಮೇಲೋ, ಹಳೆಯ ಮಲ್ಟಿಪ್ಲೇಯರ್ ಮೇಲೋ? ಗುಂಡು ಹಾರಿಸುವ ಆನ್‌ಲೈನ್ ಆಟಗಳ ಹುಚ್ಚು ಹತ್ತಿದ ಯಾವ ಹಾಸ್ಟೆಲ್ಲಿಗೆ ಹೋದರೂ ಈ ವಾದ ಕೇಳಿಸುತ್ತದೆ. ಗ್ರಾಫಿಕ್ಸು, ಗನ್ನು, ಸ್ಕಿನ್ನು ಎಂದು ಮಾತು ಎಲ್ಲೆಲ್ಲಿಗೋ ಹರಿಯುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಈ ಆಟದಲ್ಲಿ ಸತ್ತರೆ ಕಳೆದುಕೊಳ್ಳುವುದೇನು? ಅದಕ್ಕೆ ಉತ್ತರ ಸಿಕ್ಕರೆ ಮ್ಯಾಪ್ ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತು ಕಾಯಬೇಕು, ಎದೆ ಯಾವಾಗ ಡವಗುಟ್ಟಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಟೀಮ್ ಡೆತ್‌ಮ್ಯಾಚ್‌ನಲ್ಲಿ ಸಾವಿಗೆ ಹೆಚ್ಚು ಬೆಲೆಯಿಲ್ಲ. ಎದುರಾಳಿಗೆ ಒಂದು ಅಂಕ ಸೇರುತ್ತದೆ, ಕೆಲವೇ ಸೆಕೆಂಡಿನಲ್ಲಿ ನಾವು ಮತ್ತೆ ಎದ್ದು ಓಡುತ್ತಿರುತ್ತೇವೆ. 1993ರ ಡೂಮ್ ಕಾಲದಿಂದ ಕಾಲ್ ಆಫ್ ಡ್ಯೂಟಿ ಮೊಬೈಲ್‌ವರೆಗೆ ಈ ಬಗೆಯ ಆಟದ ಸುಖ ಇರುವುದು ಕೈ ಪಳಗುವುದರಲ್ಲಿ. ಸಾಯುವ ಭಯವಿಲ್ಲದ್ದರಿಂದ ಎದುರಿಗೆ ನುಗ್ಗಿ ಹೊಡೆಯುವ ಧೈರ್ಯ ಬರುತ್ತದೆ. ಆದರೆ ಮ್ಯಾಚು ಮುಗಿದ ಮೇಲೆ ಅದರ ಒಂದು ಕ್ಷಣವೂ ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯಬೇಕಾದರೆ ಸಾವಿಗೆ ಬೆಲೆ ಬರಬೇಕು.

ಆ ಬೆಲೆಯನ್ನು ಅತ್ಯಂತ ಹದವಾಗಿ ಕಟ್ಟಿದ ಆಟ ಕೌಂಟರ್‌ಸ್ಟ್ರೈಕ್. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಹಾಫ್‌ಲೈಫ್ ಆಟವನ್ನೇ ಬದಲಿಸಿ ಕಟ್ಟಿದ ಮಾಡ್ ಅದು. ಮರುವರ್ಷವೇ ವಾಲ್ವ್ ಕಂಪನಿ ಅದನ್ನು ತನ್ನದಾಗಿಸಿಕೊಂಡು ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಲ್ಯಾನ್‌ನಲ್ಲಿ ಪಕ್ಕದವನ ಸ್ಕ್ರೀನಿಗೆ ಕಣ್ಣು ಹಾಯಿಸುತ್ತ ಅದನ್ನಾಡಿದ ತಲೆಮಾರಿಗೆ ನಿಯಮಗಳನ್ನು ಹೇಳಬೇಕಿಲ್ಲ. ಮೊಬೈಲ್ ಹಿಡಿದು ಬೆಳೆದವರಿಗಾಗಿ ಹೇಳುತ್ತೇನೆ. ಐವರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಈಗಿನ ಕೌಂಟರ್‌ಸ್ಟ್ರೈಕ್ 2ರಲ್ಲಿ ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡ್, ಇಟ್ಟ ಬಾಂಬ್ ಸಿಡಿಯಲು 40 ಸೆಕೆಂಡ್. ಸತ್ತವನು ಆ ಸುತ್ತು ಮುಗಿಯುವವರೆಗೆ ಏಳುವಂತಿಲ್ಲ. ಮೊದಲು 13 ಸುತ್ತು ಗೆದ್ದವರದು ಮ್ಯಾಚು.

ಸತ್ತರೆ ಜೀವ ಮಾತ್ರವಲ್ಲ, ಕೈಯಲ್ಲಿದ್ದ ಬಂದೂಕೂ ಹೋಗುತ್ತದೆ. ಬಂದೂಕನ್ನು ಆಟದೊಳಗಿನ ದುಡ್ಡಿನಿಂದಲೇ ಕೊಳ್ಳಬೇಕು; ಮೊದಲ ಸುತ್ತಿಗೆ ಎಲ್ಲರ ಜೇಬಿನಲ್ಲೂ 800 ಡಾಲರ್. ಎಕೆ–47ಕ್ಕೆ 2,700, ದೂರದಿಂದ ಒಂದೇ ಗುಂಡಿಗೆ ಕೆಡವುವ ಎಡಬ್ಲ್ಯುಪಿಗೆ 4,750. ಸೋಲು ಖಚಿತ ಅನ್ನಿಸಿದ ಸುತ್ತಿನಲ್ಲಿ ಹೋರಾಟ ಬಿಟ್ಟು ಮೂಲೆ ಸೇರಿ, ದುಬಾರಿ ಬಂದೂಕನ್ನು ಮುಂದಿನ ಸುತ್ತಿಗೆ ಉಳಿಸಿಕೊಳ್ಳುವುದಕ್ಕೆ ಸೇವ್ ಎನ್ನುತ್ತಾರೆ. ಹೊಸಬರಿಗೆ ಅದು ಹೇಡಿತನವಾಗಿ ಕಾಣುತ್ತದೆ. ಹತ್ತಾರು ಮ್ಯಾಚು ಆಡಿದ ಮೇಲೆ ಅದೇ ಆಟದ ಜಾಣತನ ಎಂದು ತಿಳಿಯುತ್ತದೆ. ಬಾಂಬ್ ನಿಷ್ಕ್ರಿಯಗೊಳಿಸಲು ಬರಿಗೈಯಲ್ಲಿ 10 ಸೆಕೆಂಡ್ ಬೇಕು, 400 ಡಾಲರಿನ ಕಿಟ್ ಇದ್ದರೆ 5 ಸಾಕು. ತಂಡದ ನಾಲ್ವರು ಸತ್ತು, ಒಬ್ಬನೇ ಉಳಿದು, ಎದುರಾಳಿ ಗೋಡೆಯಾಚೆ ಎಲ್ಲೋ ಇದ್ದಾನೆಂದು ಗೊತ್ತಿದ್ದೂ ಅವನು ಬಾಂಬಿನ ಮೇಲೆ ಬಾಗಿದಾಗ, ಆ 5 ಸೆಕೆಂಡಿನ ವ್ಯತ್ಯಾಸದೊಳಗೆ ಇಡೀ ಆಟ ಬಂದು ನಿಲ್ಲುತ್ತದೆ. ಸತ್ತ ನಾಲ್ವರೂ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿರುತ್ತಾರೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಬಿಗುವನ್ನು ಕಟ್ಟಿದ ಬೇರೆ ಆಟವನ್ನು ನಾನು ಕಂಡಿಲ್ಲ.

ಡೇವ್ ಜಾನ್ಸ್ಟನ್ 2001ರಲ್ಲಿ ರಚಿಸಿದ ಡಸ್ಟ್ 2 ಮ್ಯಾಪ್ ನೋಡಿ. ಮರಳು ಬಣ್ಣದ ಗೋಡೆಗಳು, ಒಂದಿಷ್ಟು ಮರದ ಪೆಟ್ಟಿಗೆಗಳು, ನಡುವೆ ಸೀಳಿದಂತಿರುವ ಜೋಡಿ ಬಾಗಿಲು. ಇನ್ನೂ ಅದನ್ನೇ ಆಡುತ್ತಾರೆ, ಇನ್ನೂ ಹಳಸಿಲ್ಲ. ಚಿಕ್ಕ ಜಾಗವಾದ್ದರಿಂದ ಪ್ರತಿ ಮೂಲೆಯೂ ಬಾಯಿಪಾಠವಾಗುತ್ತದೆ. ಬಂದೂಕು ಹೇಗೆ ಒದೆಯುತ್ತದೆ ಎಂಬುದಕ್ಕೂ ಇಲ್ಲಿ ನಿಶ್ಚಿತ ಜಾಡಿದೆ. ಎಕೆಯ 30 ಗುಂಡುಗಳು ಗೋಡೆಯ ಮೇಲೆ ಬರೆಯುವ ಆಕಾರವನ್ನು ಅಭ್ಯಾಸದಿಂದ ಕೈಗೆ ಇಳಿಸಿಕೊಳ್ಳಬಹುದು. ಜಾಗವೂ ಆಯುಧವೂ ಇಷ್ಟು ಸ್ಥಿರವಾಗಿರುವಾಗ ಬದಲಾಗುವುದು ಮನುಷ್ಯನೊಬ್ಬನೇ. ಎದುರಾಳಿಯ ಮನಸ್ಸನ್ನು ಓದುವುದಕ್ಕೆ ಇದಕ್ಕಿಂತ ಶುದ್ಧವಾದ ಅಂಗಳ ಸಿಗದು.

ಇನ್ನು ಬ್ಯಾಟಲ್ ರಾಯಲ್. ಪಬ್‌ಜಿ ಆಟದ ಎರಾಂಗೆಲ್ ಮ್ಯಾಪ್ ನೋಡಿ. ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ನೂರು ಜನ, ಒಂದೇ ಜೀವ, ಕೊನೆಗೆ ಉಳಿದವರದು ಗೆಲುವು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಜಪಾನಿನ ‘ಬ್ಯಾಟಲ್ ರಾಯಲ್’ ಸಿನಿಮಾದಿಂದ ಪ್ರೇರಣೆ ಪಡೆದು ಮೊದಲು ಬೇರೆಯವರ ಆಟಗಳಿಗೆ ಮಾಡ್ ಕಟ್ಟಿದರು. ಆಮೇಲೆ ದಕ್ಷಿಣ ಕೊರಿಯಾದ ಬ್ಲೂಹೋಲ್ ಕಂಪನಿಯ ಜೊತೆ ಸೇರಿ 2017ರಲ್ಲಿ ಪಬ್‌ಜಿಯನ್ನು ಹೊರತಂದರು. ಮರುವರ್ಷ ಅದು ಮೊಬೈಲಿಗೆ ಬಂತು. ನಮ್ಮಲ್ಲಿ 2020ರಲ್ಲಿ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು.

ಇಲ್ಲಿ ಸಾವು ಎಲ್ಲವನ್ನೂ ಕಸಿಯುತ್ತದೆ. ಅರ್ಧ ಗಂಟೆ ಹುಡುಕಿ ಕೂಡಿಸಿದ ಹೆಲ್ಮೆಟ್, ವೆಸ್ಟ್, ಎಂಟು ಪಟ್ಟು ಹತ್ತಿರ ತೋರುವ ಸ್ಕೋಪ್, ಎಲ್ಲ ಒಂದು ಪೊದೆಯ ಹಿಂದಿನ ಗುಂಡಿಗೆ ಹೋಗುತ್ತದೆ. ಹಾಗಾಗಿ ಆಟಗಾರ ಬಂದೂಕಿಗಿಂತ ಮೊದಲು ಕಿವಿ ಚುರುಕು ಮಾಡಿಕೊಳ್ಳುತ್ತಾನೆ. ತೆರೆದಿರುವ ಬಾಗಿಲು, ದೂರದ ಜೀಪಿನ ಸದ್ದು, ಮೇಲಿನ ಮಹಡಿಯ ಹೆಜ್ಜೆ, ಒಂದೊಂದೂ ಸುದ್ದಿಯೇ. ದಕ್ಷಿಣದ ದ್ವೀಪದ ಮಿಲಿಟರಿ ಬೇಸಿಗೆ ಹೋದವರು ಝೋನ್, ಅಂದರೆ ಕುಗ್ಗುತ್ತ ಹೋಗುವ ಸುರಕ್ಷಿತ ವಲಯ, ಉತ್ತರಕ್ಕೆ ಸರಿದರೆ ಎರಡು ಸೇತುವೆಗಳಲ್ಲಿ ಒಂದನ್ನು ದಾಟಬೇಕು, ಇಲ್ಲವೇ ದೋಣಿ ಹುಡುಕಬೇಕು. ಸೇತುವೆಯ ಮೇಲೆ ಯಾರೋ ಅಡ್ಡಗಟ್ಟಿ ಕೂತಿರಬಹುದು. ಆ ದಾಟುವಿಕೆಯ ಅರ್ಧ ನಿಮಿಷದಲ್ಲಿ ಒಂದೂ ಗುಂಡು ಹಾರದಿದ್ದರೂ ಅಂಗೈ ಬೆವರುತ್ತದೆ. ಗುಂಡು ಹಾರಿಸುವುದೂ ಇಲ್ಲಿ ಬೇರೆಯದೇ ವಿದ್ಯೆ. ಗುಂಡು ಗುರಿ ಮುಟ್ಟಲು ಹೊತ್ತು ಹಿಡಿಯುತ್ತದೆ, ಹೋಗುತ್ತ ಹೋಗುತ್ತ ಕೆಳಗಿಳಿಯುತ್ತದೆ. ಓಡುವವನನ್ನು ಹೊಡೆಯಬೇಕಾದರೆ ಅವನಿನ್ನೂ ತಲುಪದ ಜಾಗಕ್ಕೆ ಗುರಿಯಿಡಬೇಕು.

ಆದರೆ ಆಟಗಾರರು ಹಾರಿಳಿಯುವ ವಿಮಾನದ ದಾರಿ, ಮನೆಯಲ್ಲಿ ಸಿಗುವ ಲೂಟ್, ಝೋನ್ ಕುಗ್ಗುವ ಜಾಗ, ಮೂರೂ ಅದೃಷ್ಟದ ಕೈಯಲ್ಲಿವೆ. ಬ್ಯಾಟಲ್ ರಾಯಲ್ ಟೂರ್ನಿಗಳಲ್ಲಿ ಹಲವು ಮ್ಯಾಚುಗಳ ಅಂಕ ಕೂಡಿಸಿ ವಿಜೇತರನ್ನು ಆರಿಸುವುದಕ್ಕೆ ಇದೇ ಕಾರಣ. ಪಬ್‌ಜಿ ಟೂರ್ನಿಗಳಲ್ಲಿ ಈಗ ರೂಢಿಯಲ್ಲಿರುವ ಪದ್ಧತಿಯಲ್ಲಿ ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಪ್ರತಿ ಕಿಲ್ಲಿಗೆ 1. ಒಂದು ಮ್ಯಾಚಿನ ಫಲಿತಾಂಶವನ್ನು ಆಟ ನಡೆಸುವವರೇ ಪೂರ್ತಿ ನಂಬುವುದಿಲ್ಲ. ಕೌಂಟರ್‌ಸ್ಟ್ರೈಕ್‌ನಲ್ಲಿ 13–11 ಎಂದು ಗೆದ್ದ ತಂಡದ ಬಗ್ಗೆ ಅಂಥ ಅನುಮಾನ ಕಡಿಮೆ.

ಒಂದೇ ಜೀವದ ಕಟ್ಟುನಿಟ್ಟನ್ನು ಬ್ಯಾಟಲ್ ರಾಯಲ್‌ಗಳೇ ಸಡಿಲಿಸುತ್ತ ಬಂದಿವೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. 2019ರಲ್ಲಿ ಏಪೆಕ್ಸ್ ಲೆಜೆಂಡ್ಸ್, ಸತ್ತ ಗೆಳೆಯನ ಬ್ಯಾನರನ್ನು ಹೊತ್ತೊಯ್ದು ಅವನನ್ನು ಮರಳಿ ಕರೆಸುವ ದಾರಿ ಮಾಡಿತು. ಅದೇ ವರ್ಷ ಫೋರ್ಟ್‌ನೈಟ್‌ಗೆ ಅದೇ ಕೆಲಸದ ವ್ಯಾನ್ ಬಂತು. 2020ರ ವಾರ್‌ಜೋನ್, ಸತ್ತವನನ್ನು ಗೂಲಾಗ್ ಎಂಬ ಸೆರೆಮನೆಗೆ ತಳ್ಳಿ, ಅಲ್ಲಿ ಇನ್ನೊಬ್ಬ ಸತ್ತವನ ಜೊತೆ ಕಾದಾಡಿ ಗೆದ್ದರೆ ಹೊರಗೆ ಬಿಟ್ಟಿತು. ನಮ್ಮ ಕಬಡ್ಡಿ ಈ ಹದವನ್ನು ಎಂದೋ ಕಂಡುಕೊಂಡಿದೆ: ಔಟಾದವನು ಹೊರಗೆ ಕೂರುತ್ತಾನೆ, ತನ್ನವರು ಎದುರಾಳಿಯನ್ನು ಔಟ್ ಮಾಡಿದರೆ ಒಳಗೆ ಬರುತ್ತಾನೆ. ಗೆಳೆಯರ ಶ್ರಮದಿಂದ ಮರಳಿದ ಜೀವಕ್ಕೆ ಬೆಲೆ ಹೆಚ್ಚು. ಏಪೆಕ್ಸ್ ಈ ಗುಟ್ಟನ್ನು ಹಿಡಿಯಿತು, ಹಾಗಾಗಿಯೇ ಬ್ಯಾಟಲ್ ರಾಯಲ್‌ಗಳಲ್ಲಿ ಅದು ನನಗೆ ಹೆಚ್ಚು ಇಷ್ಟ.

ನನ್ನ ಒಲವು ಬಾಂಬಿನ ಆಟದ ಕಡೆಗೇ. ಆದರೆ ಸ್ಕ್ವಾಡಿನಲ್ಲಿ ನಾಲ್ವರು ಗೆಳೆಯರು ಕಾರು ಹತ್ತಿ ಹರಟುತ್ತ ಝೋನ್ ಕಡೆ ಹೊರಟ ಸಂಜೆಗಳನ್ನು ಎರಾಂಗೆಲ್ ಕೊಟ್ಟಷ್ಟು ಡಸ್ಟ್ 2 ಕೊಡಲಾರದು. ಅಲ್ಲಿ ಹರಟೆಗೆ ಬಿಡುವೇ ಇಲ್ಲ. ಹೊಸದಾಗಿ ಶುರು ಮಾಡುವವರು ಬಿಜಿಎಂಐಯಲ್ಲೇ ಇರುವ ವೇರ್‌ಹೌಸ್ ಟೀಮ್ ಡೆತ್‌ಮ್ಯಾಚ್‌ನಿಂದ ಆರಂಭಿಸಲಿ. ನಾಲ್ವರ ಎದುರು ನಾಲ್ವರು, 40 ಕಿಲ್ಲಿಗೆ ಮುಗಿಯುವ ಪುಟ್ಟ ಮ್ಯಾಚು. ಪಳಗಿದವರೂ ರ‍್ಯಾಂಕ್ ಮ್ಯಾಚಿಗೆ ಮುನ್ನ ಕೈ ಬಿಸಿ ಮಾಡಿಕೊಳ್ಳುವುದು ಅಲ್ಲೇ. ಅಲ್ಲಿ ಹತ್ತಿರದ ಹೊಡೆದಾಟಕ್ಕೆ ಬೆದರದಷ್ಟು ಕೈ ಕುದುರಿದ ಮೇಲೆ ಎರಾಂಗೆಲ್‌ಗೆ ಹಾರಿ. ಕಂಪ್ಯೂಟರ್ ಇದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಾಲ್ವರು ಪರಿಚಿತರನ್ನು ಕೂಡಿಸಿಕೊಂಡು ಡಸ್ಟ್ 2ರಲ್ಲಿ ಒಂದು ಪೂರ್ತಿ ಮ್ಯಾಚು ಆಡಿ. ಬಂದೂಕು ಕೊಳ್ಳುವ ಮೊದಲು ಐವರೂ ಒಬ್ಬರ ಜೇಬನ್ನೊಬ್ಬರು ಕೇಳಿಕೊಳ್ಳಿ.