ಒಂದೇ ವಿನ್ಯಾಸ ಸಂಪುಟ ಎಲ್ಲರಿಗೂ ಸಾಕೆ?

ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ತಮ್ಮ ಕೆಲಸಗಳನ್ನು ಒಟ್ಟುಗೂಡಿಸಿ ಸಂಪುಟ ಸಿದ್ಧಪಡಿಸುತ್ತಾರೆ. ಪೋರ್ಟ್‌ಫೋಲಿಯೊ ಎಂಬುದು ಅದರ ರೂಢಿಯ ಹೆಸರು. ಅಂದವಾದ ಚಿತ್ರಗಳನ್ನು ಸಾಲಾಗಿ ಅಂಟಿಸಿ, ಅದನ್ನೇ ಕಾಲೇಜಿಗೂ ಕಂಪನಿಗೂ ವ್ಯಾಪಾರಿಗೂ ತೋರಿಸುವವರು ಅನೇಕರು. ಇದರಲ್ಲಿ ಒಂದು ಮೂಲ ದೋಷವಿದೆ. ಸಂಪುಟವು ಸಾಮರ್ಥ್ಯಕ್ಕೆ ಪುರಾವೆ. ಕೇಳುವ ಪ್ರಶ್ನೆ ಬದಲಾದರೆ ಒದಗಿಸುವ ಪುರಾವೆಯೂ ಬದಲಾಗಬೇಕಲ್ಲವೆ?

ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರವನ್ನು ಗಮನಿಸಿ. ಹೊತ್ತೊಯ್ಯಬಲ್ಲ ಸೇತುವೆ, ಫಿರಂಗಿ, ಹೊದಿಕೆಯುಳ್ಳ ಯುದ್ಧರಥ ಮೊದಲು ಬರುತ್ತವೆ. ಚಿತ್ರಕಲೆ ಬರುವುದು ಕೊನೆಗೆ. ಓದುವವನ ಅಗತ್ಯವನ್ನು ಅರಿತ ಕ್ರಮವಿದು. ಆದರೆ ಪತ್ರದ ತುಂಬ ಇರುವುದು ಬರಿಯ ಭರವಸೆ. ಸಂಶಯವಿದ್ದರೆ ಪ್ರಯೋಗ ಮಾಡಿ ತೋರಿಸಲು ಸಿದ್ಧನೆಂದು ಆತ ಕೊನೆಯಲ್ಲಿ ಹೇಳಿರುವುದೇ ಅದಕ್ಕೆ ಬಲ.

ಈಗ ನಮ್ಮ ಸೀಮೆಗೆ ಬರೋಣ. ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಊರಿನ ವಿದ್ಯಾರ್ಥಿನಿಯೊಬ್ಬಳು ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಹೊಸ ಸೆರಗನ್ನು ರಚಿಸಿದಳೆಂದು ಭಾವಿಸಿ. ಈ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ವಿನ್ಯಾಸ ಕಾಲೇಜಿಗೆ ಆಕೆ ತೋರಿಸಬೇಕಾದದ್ದು ಯೋಚನೆಯ ಹಾದಿ: ಮೊದಲ ಕರಡುಗಳು, ಕೈಬಿಟ್ಟ ನಮೂನೆಗಳು, ಕೈಬಿಟ್ಟ ಕಾರಣ. ಉದ್ಯೋಗ ಕೊಡುವವರಿಗೆ ಮುಗಿದ ಕೆಲಸ ಮತ್ತು ಅದರಲ್ಲಿ ತನ್ನ ಪಾಲು ಎಷ್ಟೆಂಬ ವಿವರ ಬೇಕು. ನೇಕಾರರಿಗೆ ಬೇಕಾದದ್ದು ಗ್ರಾಫ್ ಹಾಳೆ, ಎಳೆಗಳ ಲೆಕ್ಕ, ನೂಲಿನ ಬಗೆ. ಬಣ್ಣದ ಛಾಯಾಚಿತ್ರ ನೋಡಿ ಯಾರೂ ಮಗ್ಗ ಹೂಡಲಾರರು.

ಇನ್ನೆರಡು ಎಚ್ಚರಿಕೆಗಳಿವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಆ ಹೆಸರು ಅಲ್ಲಿನ ನೇಕಾರ ಸಮುದಾಯದ್ದು. ಆದ್ದರಿಂದ ಪರಂಪರೆಯಿಂದ ಪಡೆದದ್ದು ಯಾವುದು, ತಾನು ಸೇರಿಸಿದ್ದು ಯಾವುದು ಎಂದು ಆಕೆ ಬೇರೆಬೇರೆಯಾಗಿ ಬರೆಯಬೇಕು. ಎರಡನೆಯದಾಗಿ, 2000ದ ವಿನ್ಯಾಸ ಕಾಯಿದೆಯ ಪ್ರಕಾರ ಅರ್ಜಿ ಸಲ್ಲಿಸುವ ಮೊದಲೇ ಸಾರ್ವಜನಿಕವಾಗಿ ಪ್ರಕಟವಾದ ವಿನ್ಯಾಸವನ್ನು ಸಾಮಾನ್ಯವಾಗಿ ನೋಂದಾಯಿಸಲಾಗದು. ಮೆಚ್ಚುಗೆಯ ಆಸೆಗೆ ಸಂಪುಟವನ್ನು ಎಲ್ಲೆಡೆ ಹಂಚಿದರೆ ಹಕ್ಕೇ ಕೈತಪ್ಪಬಹುದು.

ಶಿಕ್ಷಕರು ಅಂದಕ್ಕೆ ಅಂಕ ಕೊಡುವ ಮೊದಲು ಹೀಗೆ ಕೇಳಲಿ: ಇದನ್ನು ನೋಡುವವರು ಯಾರು? ನೋಡಿದ ಮೇಲೆ ಅವರು ಏನನ್ನು ತೀರ್ಮಾನಿಸಬೇಕು? ವಿದ್ಯಾರ್ಥಿಗಳೇ, ನಿಮ್ಮ ಸಂಪುಟದ ಪ್ರತಿ ಪುಟವನ್ನೂ ಈ ಪ್ರಶ್ನೆಗಳ ಮುಂದಿಟ್ಟು ನೋಡಿ. ಉತ್ತರಕ್ಕೆ ನೆರವಾಗದ ಪುಟ ಎಷ್ಟೇ ಚೆಂದವಿದ್ದರೂ ಅದನ್ನು ತೆಗೆದಿಡಿ. ಇನ್ನೊಬ್ಬರಿಗೆ ತೋರಿಸುವಾಗ ಅದೇ ಮೊದಲ ಪುಟವಾದೀತು.